ಪ್ರವಾದನೆಯ ಭಾಗಗಳನ್ನು ಒಟ್ಟಿಗೆ ಕೂತು ಓದುವುದು ಹೇಗೆ? ಡಿಸ್ಪೆನ್ಸೇಷನಲಿಸಂ ಮತ್ತು ಇತರ ನಿಲುವುಗಳ ಅಧ್ಯಯನಕ್ಕೆ ಎಂಟು ಕೂಟಗಳ ಮಾರ್ಗದರ್ಶಿ

ಒಂದೇ ಊರಿನ ಎರಡು ಸಭೆಗಳಲ್ಲಿ ಕರ್ತನ ಎರಡನೆಯ ಬರೋಣದ ಬಗ್ಗೆ ಎರಡು ಬೇರೆ ಪಾಠ ಕೇಳಿಬರುವುದು ಕನ್ನಡ ಕ್ರೈಸ್ತರಿಗೆ ಹೊಸದೇನಲ್ಲ. ಬ್ರದರನ್ ಸಭೆಗಳಲ್ಲಿ, ಬಹುಪಾಲು ಪೆಂತೆಕೋಸ್ತ್ ಸಭೆಗಳಲ್ಲಿ ಕಲಿಸುವ ಕ್ರಮ ಇದು: ಮೊದಲು ಸಭೆ, ಅಂದರೆ ವಿಶ್ವಾಸಿಗಳು, ಕರ್ತನ ಬಳಿಗೆ ಎತ್ತಲ್ಪಡುತ್ತದೆ, ಆಮೇಲೆ ಏಳು ವರ್ಷದ ಮಹಾ ಸಂಕಟ, ಅದಾದ ಮೇಲೆ ಕರ್ತನು ಬಂದು ಯೆರೂಸಲೇಮಿನಿಂದ ಸಾವಿರ ವರ್ಷ ಆಳುತ್ತಾನೆ. ಈ ಕ್ರಮವನ್ನು ಕಲಿಸುವ, ದೇವರ ಕೆಲಸವನ್ನು ಯುಗಗಳಾಗಿ ವಿಂಗಡಿಸುವ ಓದಿಗೆ ಡಿಸ್ಪೆನ್ಸೇಷನಲಿಸಂ ಎಂದು ಹೆಸರು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆರಾಧನೆಯಲ್ಲಿ ವಿಶ್ವಾಸಪ್ರಮಾಣ ಹೇಳುವಾಗ ಕರ್ತನು ನ್ಯಾಯತೀರಿಸಲು ಮತ್ತೆ ಬರುತ್ತಾನೆ ಎಂಬುದಷ್ಟೇ ಬರುತ್ತದೆ, ಏಳು ವರ್ಷ, ಸಾವಿರ ವರ್ಷದ ಮಾತು ಇಲ್ಲ. ಕಥೋಲಿಕ ಸಭೆಯ ಧರ್ಮೋಪದೇಶವು 676ನೆಯ ಪರಿಚ್ಛೇದದಲ್ಲಿ ಸಾವಿರ ವರ್ಷದ ರಾಜ್ಯದ ಬೋಧನೆಯನ್ನು ಹೆಸರು ಹೇಳಿಯೇ ತಳ್ಳಿಹಾಕುತ್ತದೆ. ಬ್ರದರನ್ ಮನೆಯಿಂದ ಸಿ.ಎಸ್.ಐ. ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಗಳು ಎರಡೂ ಪಾಠ ಕೇಳಿ, ಯಾರನ್ನು ಕೇಳಿದರೆ ಯಾರಿಗೆ ಬೇಸರವಾಗುತ್ತದೋ ಎಂದು ಸುಮ್ಮನಾಗಿಬಿಡುತ್ತಾಳೆ.

ಆ ಮೌನ ಯಾರಿಗೂ ಒಳ್ಳೆಯದಲ್ಲ. ಒಂದು ಕಡೆಯವರು ಸತ್ಯವೇದವನ್ನು ನಂಬುತ್ತಾರೆ, ಇನ್ನೊಂದು ಕಡೆಯವರು ನಂಬುವುದಿಲ್ಲ ಎಂದು ಹೇಳಿ ಮುಗಿಸುವುದು ಅದಕ್ಕಿಂತ ಕೆಟ್ಟದ್ದು. ಭೇದವಿರುವುದು ನಂಬಿಕೆಯ ಪ್ರಮಾಣದಲ್ಲಲ್ಲ, ಆರೇಳು ವಾಕ್ಯಭಾಗಗಳನ್ನು ಓದುವ ಬಗೆಯಲ್ಲಿ. ಪ್ರತಿ ನಿಲುವಿಗೂ ನೀರು ಕುಡಿದಷ್ಟು ಸಲೀಸಾಗಿ ಇಳಿಯುವ ವಚನಗಳಿವೆ, ಮುಳ್ಳಿನಂತೆ ಗಂಟಲಲ್ಲಿ ನಿಲ್ಲುವ ವಚನಗಳೂ ಇವೆ. ಆ ಮುಳ್ಳಿನ ವಚನ ಯಾವುದೆಂದು ಪ್ರತಿ ನಿಲುವಿನವರೂ ತಾವೇ ತೋರಿಸುವಂತೆ ಮಾಡುವುದು ಇಲ್ಲಿನ ಕ್ರಮ.

ಮೊದಲ ಕೂಟಕ್ಕೆ ಮುಂಚೆ

ಎಂಟು ಕೂಟ, ವಾರಕ್ಕೊಂದು, ತಲಾ ಒಂದೂವರೆ ಗಂಟೆ. ಜನ ಹನ್ನೆರಡು ಮೀರಬಾರದು. ಮೀರಿದರೆ ಇಬ್ಬರೇ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ.

ಓದುವ ಭಾಗಗಳನ್ನು ಮುದ್ರಿಸಿ ಎಲ್ಲರಿಗೂ ಒಂದೊಂದು ಪ್ರತಿ ಕೊಡಿ: ಆಮೋಸ 9:11-15, ಅಪೊಸ್ತಲರ ಕೃತ್ಯಗಳು 15:12-21, ದಾನಿಯೇಲ 9:20-27, ಮತ್ತಾಯ 24:1-36, ರೋಮಾಪುರದವರಿಗೆ 11:11-32, 1 ಥೆಸಲೋನಿಕ 4:13ರಿಂದ 5:11, 2 ಥೆಸಲೋನಿಕ 2:1-12, ಪ್ರಕಟನೆ 19:11ರಿಂದ 20:15. ಮುದ್ರಿಸುವಾಗ ವಚನಗಳ ನಡುವಿನ ಶೀರ್ಷಿಕೆಗಳನ್ನೂ ಅಡಿಟಿಪ್ಪಣಿಗಳನ್ನೂ ತೆಗೆದುಬಿಡಿ. ಶೀರ್ಷಿಕೆಗಳು ಮೂಲದಲ್ಲಿಲ್ಲ, ಭಾಷಾಂತರ ಸಿದ್ಧಪಡಿಸಿದವರು ಕೊಟ್ಟದ್ದು. ಶೀರ್ಷಿಕೆ ಕಣ್ಣಿಗೆ ಬಿದ್ದ ಮೇಲೆ ಅದರ ಕೆಳಗಿನ ವಚನವನ್ನು ಬೇರೆ ರೀತಿ ಓದುವುದು ಕಷ್ಟ. ಕನ್ನಡದ ಎರಡು ಭಾಷಾಂತರಗಳು ಕೈಯಲ್ಲಿರಲಿ, ಒಂದು ಹಳೆಯದು, ಒಂದು ಸರಳ ಕನ್ನಡದ್ದು. ಎರಡರಲ್ಲಿ ವ್ಯತ್ಯಾಸ ಕಂಡ ಕಡೆ ಗುರುತು ಹಾಕಿಡಿ. ಮೂಲಭಾಷೆಯಲ್ಲಿ ಎರಡು ಅರ್ಥಕ್ಕೆ ಅವಕಾಶವಿರುವ ಜಾಗ ಹೆಚ್ಚಾಗಿ ಅದೇ ಆಗಿರುತ್ತದೆ.

ಕಾಲಪಟಗಳನ್ನು ಗೋಡೆಗೆ ತೂಗುಹಾಕಬೇಡಿ. ಅಮೆರಿಕದ ಕ್ಲಾರೆನ್ಸ್ ಲಾರ್ಕಿನ್ ನಕ್ಷೆ ಬರೆಯುವ ಕೆಲಸ ಬಲ್ಲವರಾಗಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಬರೆದ ಯುಗಗಳ ಪಟಗಳೂ ಅವುಗಳ ನಕಲುಗಳೂ ಇಂದಿಗೂ ಓಡಾಡುತ್ತಿವೆ. ಪಟ ಚೆನ್ನಾಗಿದ್ದಷ್ಟೂ ವಚನ ಓದುವ ಮೊದಲೇ ಮನಸ್ಸು ಒಪ್ಪಿಬಿಡುತ್ತದೆ. ಸಾವಿರ ವರ್ಷವನ್ನು ಸಂಕೇತವಾಗಿ ಓದುವ ಅಮಿಲೆನಿಯಲ್ ಪುಸ್ತಕಗಳ ಪಟಗಳಿಗೂ ಇದೇ ಮಾತು. ಬೇಕಾದರೆ ಎಂಟನೆಯ ವಾರ ತನ್ನಿ.

ಪ್ರತಿಯೊಬ್ಬರಿಗೂ ನಾಲ್ಕು ಮನೆ ಎಳೆದ ಒಂದು ದೊಡ್ಡ ಹಾಳೆ ಬೇಕು. ಮೊದಲ ಮನೆಯಲ್ಲಿ ವಚನ ಹೇಳುವುದಷ್ಟೇ, ಎರಡನೆಯದರಲ್ಲಿ ಒಂದು ನಿಲುವಿನವರು ಅದನ್ನು ಓದುವ ಬಗೆ, ಮೂರನೆಯದರಲ್ಲಿ ಇನ್ನೊಂದು ನಿಲುವಿನವರ ಬಗೆ, ನಾಲ್ಕನೆಯದರಲ್ಲಿ ನನ್ನ ನಿಲುವಿಗೆ ಇಲ್ಲಿ ಕಷ್ಟವಾಗುವುದು ಏನು. ನಾಲ್ಕನೆಯ ಮನೆ ಖಾಲಿ ಬಿಡಲು ಯಾರಿಗೂ ಅವಕಾಶ ಕೊಡಬೇಡಿ.

ಮೊದಲ ಕೂಟ: ಯಾರು ಏನು ಹೇಳುತ್ತಾರೆ

ಕರ್ತನು ಮಹಿಮೆಯೊಂದಿಗೆ ಮತ್ತೆ ಬರುತ್ತಾನೆ, ಸತ್ತವರು ಏಳುತ್ತಾರೆ, ನ್ಯಾಯತೀರ್ಪು ಇದೆ, ಅವನ ರಾಜ್ಯಕ್ಕೆ ಅಂತ್ಯವಿಲ್ಲ. ನೈಸಿಯ ವಿಶ್ವಾಸಪ್ರಮಾಣದ ಈ ಮಾತುಗಳನ್ನು ಮುಂದೆ ಹೇಳುವ ನಾಲ್ಕು ನಿಲುವಿನವರೂ ಒಪ್ಪುತ್ತಾರೆ. ಇದನ್ನು ಹಾಳೆಯ ಮೇಲ್ತುದಿಯಲ್ಲಿ ಬರೆಸಿ. ಆಮೇಲೆ ಹೆಸರುಗಳಿಗೆ ಬನ್ನಿ.

ಅಮಿಲೆನಿಯಲ್ ನಿಲುವಿನವರಿಗೆ ಪ್ರಕಟನೆ 20ರ ಸಾವಿರ ವರ್ಷವೆಂದರೆ ಈಗ ನಡೆಯುತ್ತಿರುವ ಕಾಲ. ಕ್ರಿಸ್ತನು ಪರಲೋಕದಿಂದ ಆಳುತ್ತಿದ್ದಾನೆ, ಸಾವಿರ ಎಂಬುದು ಪೂರ್ಣತೆಯ ಸಂಕೇತ. ಆಗಸ್ಟೀನ್ ಮೊದಲು ಭೂಮಿಯ ಮೇಲಿನ ಸಾವಿರ ವರ್ಷವನ್ನು ಒಪ್ಪಿದ್ದು, ಆಮೇಲೆ ಈ ನಿಲುವಿಗೆ ಬಂದರು. ಪಾಶ್ಚಾತ್ಯ ಸಭೆ ಶತಮಾನಗಳ ಕಾಲ ಅವರ ಹಿಂದೆ ನಡೆಯಿತು. ಪೋಸ್ಟ್‌ಮಿಲೆನಿಯಲ್ ನಿಲುವಿನವರು ಸುವಾರ್ತೆಯಿಂದ ಲೋಕ ಬಹುಮಟ್ಟಿಗೆ ಮಾರ್ಪಟ್ಟ ಮೇಲೆ ಕರ್ತನು ಬರುತ್ತಾನೆ ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ಜೊನಾಥನ್ ಎಡ್ವರ್ಡ್ಸ್ ಇವರಲ್ಲಿ ದೊಡ್ಡ ಹೆಸರು. ಐತಿಹಾಸಿಕ ಪ್ರೀಮಿಲೆನಿಯಲ್ ನಿಲುವಿನವರ ಪ್ರಕಾರ ಸಭೆ ಮಹಾ ಸಂಕಟದ ಮೂಲಕ ಹಾದುಹೋಗುತ್ತದೆ, ಕರ್ತನು ಒಂದೇ ಸಲ ಬರುತ್ತಾನೆ, ಆಮೇಲೆ ಭೂಮಿಯ ಮೇಲೆ ಸಾವಿರ ವರ್ಷ. ಎರಡನೆಯ ಶತಮಾನದ ಐರೇನಿಯಸ್, ಇಪ್ಪತ್ತನೆಯ ಶತಮಾನದ ಜಾರ್ಜ್ ಎಲ್ಡನ್ ಲ್ಯಾಡ್ ಸಾವಿರ ವರ್ಷದ ವಿಷಯದಲ್ಲಿ ಈ ಸಾಲಿನವರು.

ಡಿಸ್ಪೆನ್ಸೇಷನಲಿಸಂ ಕೂಡ ಪ್ರೀಮಿಲೆನಿಯಲ್ಲೇ, ಆದರೆ ಅದರ ಬೇರು ಬೇರೆ. ಐರ್ಲೆಂಡಿನಲ್ಲಿ ಆಂಗ್ಲಿಕನ್ ಪಾದ್ರಿಯಾಗಿದ್ದು ಹೊರಬಂದು ಬ್ರದರನ್ ಚಳವಳಿಯ ಮುಖಂಡರಾದ ಜಾನ್ ನೆಲ್ಸನ್ ಡಾರ್ಬಿ 1830ರ ದಶಕದಿಂದ ಇದನ್ನು ಕಟ್ಟಿದರು. ಇಸ್ರಾಯೇಲಿಗೆ ದೇವರು ಕೊಟ್ಟ ಭೂಮಿಯ ವಾಗ್ದಾನಗಳು ಇಸ್ರಾಯೇಲಿಗೇ ನೆರವೇರಬೇಕು, ಸಭೆ ಬೇರೆಯೇ ಒಂದು ಜನ ಎಂಬುದು ಅದರ ನಡುಗಂಬ. ಏಳು ಯುಗಗಳ ಪಟ್ಟಿ ಜನಸಾಮಾನ್ಯರ ಕೈಗೆ ಬಂದದ್ದು ಸ್ಕೋಫೀಲ್ಡರ ಟಿಪ್ಪಣಿಗಳಿರುವ 1909ರ ಸ್ಕೋಫೀಲ್ಡ್ ಬೈಬಲ್ ಮೂಲಕ. ನಿರ್ದೋಷತೆ, ಮನಸ್ಸಾಕ್ಷಿ, ಮಾನವ ಆಡಳಿತ, ವಾಗ್ದಾನ, ಧರ್ಮಶಾಸ್ತ್ರ, ಕೃಪೆ, ರಾಜ್ಯ ಎಂಬ ಆ ಏಳು ಹೆಸರುಗಳಿಗಿಂತ ನಡುಗಂಬವನ್ನು ನೆನಪಿಟ್ಟರೆ ಸಾಕು. 1965ರಲ್ಲಿ ಅದೇ ಸಾಲಿನ ಚಾರ್ಲ್ಸ್ ರೈರಿಯವರೇ ಯುಗಗಳ ಎಣಿಕೆ ಮುಖ್ಯವಲ್ಲ, ಇಸ್ರಾಯೇಲ್ ಮತ್ತು ಸಭೆಯ ಭೇದವೇ ಮುಖ್ಯ ಎಂದು ಸ್ಪಷ್ಟಪಡಿಸಿದ್ದಾರೆ. 1990ರ ದಶಕದಲ್ಲಿ ಡ್ಯಾರೆಲ್ ಬಾಕ್, ಕ್ರೇಗ್ ಬ್ಲೈಸಿಂಗ್ ಮುಂತಾದವರು ಪ್ರೋಗ್ರೆಸಿವ್ ಎಂಬ ಸಾಲು ತಂದರು. ಅವರ ಪ್ರಕಾರ ದಾವೀದನ ಒಡಂಬಡಿಕೆ, ಅಂದರೆ ಅವನ ವಂಶದ ಸಿಂಹಾಸನ ಶಾಶ್ವತ ಎಂಬ ವಾಗ್ದಾನ, ಈಗಲೇ ಭಾಗಶಃ ನೆರವೇರುತ್ತಿದೆ, ಪೂರ್ತಿಯಾಗಿ ಮುಂದೆ ನೆರವೇರುತ್ತದೆ. ಹಾಗಾಗಿ ಎದುರಿಗಿರುವವರು ಡಿಸ್ಪೆನ್ಸೇಷನಲಿಸ್ಟ್ ಎಂದರೆ ಡಾರ್ಬಿಯ ಮಾತೆಲ್ಲ ಒಪ್ಪುತ್ತಾರೆ ಎಂದು ಲೆಕ್ಕ ಹಾಕಬೇಡಿ.

ಈ ಕೂಟದಲ್ಲಿ ಎರಡು ಅಪವಾದಗಳು ಏಳುವುದು ಖಂಡಿತ, ಎರಡನ್ನೂ ಅಲ್ಲೇ ಇಳಿಸಿ. ಡಿಸ್ಪೆನ್ಸೇಷನಲಿಸಂ ಎರಡು ರಕ್ಷಣಾಮಾರ್ಗ ಕಲಿಸುತ್ತದೆ ಎಂಬುದು ಒಂದು. ಸ್ಕೋಫೀಲ್ಡರ ಹಳೆಯ ಟಿಪ್ಪಣಿಯೊಂದರ ಮಾತುಗಳು ಆ ಅನುಮಾನಕ್ಕೆ ಎಡೆಕೊಟ್ಟಿದ್ದು ನಿಜ. 1967ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ತಿದ್ದಲಾಯಿತು, ಎಲ್ಲ ಕಾಲದಲ್ಲೂ ರಕ್ಷಣೆ ಕೃಪೆಯಿಂದ ನಂಬಿಕೆಯ ಮೂಲಕವೇ ಎಂದು ಡಿಸ್ಪೆನ್ಸೇಷನಲಿಸ್ಟರು ಒತ್ತಿ ಹೇಳುತ್ತಾರೆ. ಎಲ್ಲ ಕಾಲದಲ್ಲೂ ದೇವರ ಜನ ಒಂದೇ, ಅವರೆಲ್ಲ ಒಂದೇ ಕೃಪೆಯ ಒಡಂಬಡಿಕೆಗೆ ಸೇರಿದವರು ಎನ್ನುವ ಒಡಂಬಡಿಕೆಯ ದೈವಶಾಸ್ತ್ರದವರು ಇಸ್ರಾಯೇಲನ್ನು ಕಿತ್ತು ಆ ಜಾಗದಲ್ಲಿ ಸಭೆಯನ್ನು ಇಟ್ಟರು ಎಂಬುದು ಇನ್ನೊಂದು. ಅವರಲ್ಲಿ ಹೆಚ್ಚಿನವರು ತಾವು ಹೇಳುವುದು ಬದಲಿಯನ್ನಲ್ಲ, ಅದೇ ಮರಕ್ಕೆ ಅನ್ಯಜನರ ಕಸಿಯನ್ನು ಎನ್ನುತ್ತಾರೆ. ಎರಡೂ ಕಡೆಯವರಿಗೆ ಈ ತಿದ್ದುಪಡಿ ಸಿಗದಿದ್ದರೆ ಮುಂದಿನ ಏಳು ವಾರ ನಿಲುವಿನ ಮೇಲಲ್ಲ, ನಿಲುವಿನ ಬೊಂಬೆಯ ಮೇಲೆ ಕಲ್ಲು ಬೀಳುತ್ತಿರುತ್ತದೆ.

ಎರಡನೆಯ ಕೂಟ: ಆಮೋಸನಿಂದ ಶುರುಮಾಡಿ, ಪ್ರಕಟನೆಯಿಂದಲ್ಲ

ಹೆಚ್ಚಿನ ಕೂಟಗಳು ಮೊದಲ ವಾರವೇ ಪ್ರಕಟನೆ 20ಕ್ಕೆ ಹಾರಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ನಿಜವಾದ ಬೀಗದ ಕೈ ಇರುವುದು ಹಳೆಯ ಒಡಂಬಡಿಕೆಯ ವಾಗ್ದಾನವನ್ನು ಹೊಸ ಒಡಂಬಡಿಕೆ ಹೇಗೆ ಓದಿತು ಎಂಬಲ್ಲಿ. ಅದಕ್ಕೆ ಆಮೋಸ 9ಕ್ಕಿಂತ ಒಳ್ಳೆಯ ಜಾಗವಿಲ್ಲ.

ಮೊದಲ ಇಪ್ಪತ್ತು ನಿಮಿಷ ಆಮೋಸನನ್ನು ಮಾತ್ರ ಓದಿಸಿ. ಬಿದ್ದುಹೋದ ದಾವೀದನ ಗುಡಾರವನ್ನು ಎತ್ತಿ ನಿಲ್ಲಿಸುವೆನು, ಅವರು ಎದೋಮಿನಲ್ಲಿ ಉಳಿದದ್ದನ್ನು ಸ್ವಾಧೀನ ಮಾಡಿಕೊಳ್ಳುವರು, ತಮ್ಮ ದೇಶದಲ್ಲಿ ನೆಡಲ್ಪಟ್ಟು ಇನ್ನೆಂದಿಗೂ ಕಿತ್ತುಹಾಕಲ್ಪಡರು ಎಂಬುದು ಅಲ್ಲಿನ ಸಾರ. ಆಮೇಲೆ ಅಪೊಸ್ತಲರ ಕೃತ್ಯಗಳು 15. ಯೆರೂಸಲೇಮಿನ ಸಭೆಯಲ್ಲಿ ಯಾಕೋಬನು ಅನ್ಯಜನರಿಗೆ ಸುನ್ನತಿ ಬೇಕೇ ಎಂಬ ಪ್ರಶ್ನೆಗೆ ಉತ್ತರವಾಗಿ ಇದೇ ಮಾತನ್ನು ಎತ್ತುತ್ತಾನೆ. ಆದರೆ ಎದೋಮ್ ಇದ್ದ ಕಡೆ ಈಗ ಮನುಷ್ಯರಲ್ಲಿ ಉಳಿದವರು ಎಂದಿದೆ, ಸ್ವಾಧೀನ ಮಾಡಿಕೊಳ್ಳುವರು ಎಂಬ ಕಡೆ ಕರ್ತನನ್ನು ಹುಡುಕುವರು ಎಂದಿದೆ. ಯಾಕೆ? ಯಾಕೋಬನ ಮಾತು ಗ್ರೀಕ್ ಭಾಷಾಂತರವಾದ ಸೆಪ್ಟುಅಜಿಂಟಿನ ಹತ್ತಿರ ನಿಲ್ಲುತ್ತದೆ. ಹೀಬ್ರೂವಿನಲ್ಲಿ ಎದೋಮ್ ಮತ್ತು ಮನುಷ್ಯ ಎಂಬ ಅರ್ಥದ ಆದಾಮ್ ಎಂಬ ಪದಗಳ ವ್ಯಂಜನಗಳು ಬಹುಮಟ್ಟಿಗೆ ಒಂದೇ, ಸ್ವರ ಬದಲಾದರೆ ಅರ್ಥ ಬದಲಾಗುತ್ತದೆ. ಇದನ್ನು ಹಲಗೆಯ ಮೇಲೆ ಬರೆದು ತೋರಿಸಿ.

ಈಗ ಮೂರು ಓದುಗಳನ್ನು ಮುಂದಿಡಿ. ಒಡಂಬಡಿಕೆಯ ದೈವಶಾಸ್ತ್ರದವರು ಹೇಳುವುದು: ಅನ್ಯಜನರು ಸಭೆಗೆ ಸೇರುತ್ತಿರುವುದೇ ದಾವೀದನ ಗುಡಾರ ಎದ್ದು ನಿಂತದ್ದರ ಗುರುತು, ಇಲ್ಲದಿದ್ದರೆ ಯಾಕೋಬನ ವಾದಕ್ಕೆ ಬುಡವೇ ಇಲ್ಲ. ಸ್ಕೋಫೀಲ್ಡ್ ಹೇಳುವುದು: ಯಾಕೋಬನ ಮಾತಿನಲ್ಲಿ ಇದಾದ ಮೇಲೆ ನಾನು ಹಿಂತಿರುಗುವೆನು ಎಂದಿದೆ, ಅಂದರೆ ಅನ್ಯಜನರಿಂದ ಸಭೆಯನ್ನು ಆರಿಸಿ ತೆಗೆದ ಮೇಲೆ ದಾವೀದನ ರಾಜ್ಯದ ಪುನಃಸ್ಥಾಪನೆ. ಯುಗಗಳ ದೃಷ್ಟಿಯಿಂದ ಹೊಸ ಒಡಂಬಡಿಕೆಯಲ್ಲೇ ಅತಿ ಮುಖ್ಯ ಭಾಗ ಇದು ಎಂದು ಅವರ ಟಿಪ್ಪಣಿ ಹೇಳುತ್ತದೆ. ಪ್ರೋಗ್ರೆಸಿವ್ ಸಾಲಿನವರು ನೆರವೇರಿಕೆ ಶುರುವಾಗಿದೆ, ಮುಗಿದಿಲ್ಲ, ಆಮೋಸನ ಕೊನೆಯ ವಚನದ ದೇಶದ ಮಾತು ಇನ್ನೂ ಬಾಕಿ ಎನ್ನುತ್ತಾರೆ.

ಮುಳ್ಳು ಎಲ್ಲಿದೆ ನೋಡಿ. ಸ್ಕೋಫೀಲ್ಡರ ಓದಿಗೆ: ಇದು ದೂರದ ಭವಿಷ್ಯವಾದರೆ ಆ ದಿನದ ಸುನ್ನತಿಯ ಜಗಳವನ್ನು ಹೇಗೆ ಬಗೆಹರಿಸಿತು? ಒಡಂಬಡಿಕೆಯವರ ಓದಿಗೆ: ಯಾಕೋಬನು ಎತ್ತಿ ಹೇಳದೆ ಬಿಟ್ಟ 15ನೆಯ ವಚನದ ದೇಶದ ವಾಗ್ದಾನ ಎಲ್ಲಿ ಹೋಯಿತು? ಇಬ್ಬರೂ ಇದಕ್ಕೆ ಉತ್ತರ ಕೊಡುತ್ತಾರೆ, ಆದರೆ ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿಯೇ ಕೊಡಬೇಕು. ಕೂಟದ ಉಳಿದ ವಾರಗಳ ಸ್ವರ ಈ ಯೋಚನೆಯ ಹೊತ್ತಿನಲ್ಲೇ ನಿರ್ಧಾರವಾಗುತ್ತದೆ.

ಮೂರು ಮತ್ತು ನಾಲ್ಕನೆಯ ಕೂಟ: ದಾನಿಯೇಲನ ಎಪ್ಪತ್ತು ವಾರ, ಪೆನ್ಸಿಲ್ ಕೈಯಲ್ಲಿ

ಇದಕ್ಕೆ ಎರಡು ವಾರ ಬೇಕೇ ಬೇಕು. ಏಳು ವರ್ಷದ ಮಹಾ ಸಂಕಟ ಎಂಬ ಲೆಕ್ಕಕ್ಕೆ ಮುಖ್ಯ ಆಧಾರವೇ ದಾನಿಯೇಲ 9:27. ಇಲ್ಲಿ ಕೈಜಾರಿದರೆ ಉಳಿದದ್ದೆಲ್ಲ ಜಾರುತ್ತದೆ.

ಮೂಲದಲ್ಲಿ ವಾರ ಎಂದಿರುವ ಪದದ ಅರ್ಥ ಏಳರ ಗುಂಪು. ಎಪ್ಪತ್ತು ಏಳುಗಳು, ಅಂದರೆ 490. ವರ್ಷಗಳು ಎಂದು ಹೆಚ್ಚಿನವರು ಒಪ್ಪುತ್ತಾರೆ. ವಚನ ಅದನ್ನು 7, 62, 1 ಎಂದು ಒಡೆಯುತ್ತದೆ: 49, 434, 7 ವರ್ಷ. ಎಣಿಕೆ ಶುರುವಾಗುವುದು ಯೆರೂಸಲೇಮನ್ನು ಮತ್ತೆ ಕಟ್ಟುವ ಅಪ್ಪಣೆ ಹೊರಟಾಗ. ಯಾವ ಅಪ್ಪಣೆ?

ಒಬ್ಬೊಬ್ಬರಿಗೆ ಒಂದೊಂದು ಅಪ್ಪಣೆ ಹಂಚಿ ಲೆಕ್ಕ ಹಾಕಿಸಿ. ಒಂದು ಎಚ್ಚರಿಕೆ ಮೊದಲೇ ಹೇಳಿ: ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ. ಆದ್ದರಿಂದ ಗಡಿ ದಾಟುವ ಪ್ರತಿ ಎಣಿಕೆಯಲ್ಲೂ ಒಂದು ಕೂಡಿಸಬೇಕು. ಹೆಚ್ಚಿನ ತಪ್ಪು ಆಗುವುದು ಇಲ್ಲೇ.

ಅಭಿಷಿಕ್ತನ ತನಕ 7 ಮತ್ತು 62, ಅಂದರೆ 69 ವಾರ ಎಂದು ಎಣಿಸುತ್ತಾರೆ. ಪಾರಸಿಯ ಅರಸ ಕೋರೆಷನ ಅಪ್ಪಣೆ, ಕ್ರಿ.ಪೂ. 538, ಎಜ್ರ 1. ಅಲ್ಲಿಂದ 69 ವಾರ, ಅಂದರೆ 483 ವರ್ಷ ಮುಂದೆ ಬಂದರೆ ಕ್ರಿ.ಪೂ. 55. ಮೆಸ್ಸೀಯನಿಗೆ ಸಾಲುವುದಿಲ್ಲ. ಪಾರಸಿಯ ಇನ್ನೊಬ್ಬ ಅರಸ ಅರ್ತಷಸ್ತನ ಏಳನೆಯ ವರ್ಷ, ಕ್ರಿ.ಪೂ. 458, ಎಜ್ರ 7. ಅಲ್ಲಿಂದ 483 ವರ್ಷಕ್ಕೆ ಕ್ರಿ.ಶ. 26, ಯೇಸುವಿನ ಸೇವೆ ಆರಂಭವಾದ ಕಾಲದ ಹತ್ತಿರ. ಆದರೆ ಎಜ್ರ 7ರ ಪತ್ರದಲ್ಲಿರುವುದು ದೇವಾಲಯದ ಸೇವೆಯ ಮಾತು, ಪಟ್ಟಣ ಕಟ್ಟುವ ಅಪ್ಪಣೆ ಬಿಡಿಸಿ ಹೇಳಿಲ್ಲ. ಅರ್ತಷಸ್ತನ ಇಪ್ಪತ್ತನೆಯ ವರ್ಷ, ಕ್ರಿ.ಪೂ. 445 ಅಥವಾ 444, ನೆಹೆಮೀಯ 2. ಇಲ್ಲಿ ಪಟ್ಟಣದ ಮಾತು ಸ್ಪಷ್ಟ. ಆದರೆ 445ರಿಂದ 483 ಸೌರವರ್ಷ ಎಣಿಸಿದರೆ ಕ್ರಿ.ಶ. 39 ಬರುತ್ತದೆ, ಶಿಲುಬೆಯ ಘಟನೆ ದಾಟಿಹೋಗುತ್ತದೆ.

ಇದನ್ನು ಸರಿಪಡಿಸಲೆಂದೇ ಸರ್ ರಾಬರ್ಟ್ ಆಂಡರ್ಸನ್ 360 ದಿನದ ಪ್ರವಾದನೆಯ ವರ್ಷ ಎಂಬ ಲೆಕ್ಕ ಮಂಡಿಸಿದರು. ಪ್ರಕಟನೆಯಲ್ಲಿ 42 ತಿಂಗಳೂ 1,260 ದಿನವೂ ಒಂದೇ ಅವಧಿಯಾಗಿ ಬರುತ್ತವೆ, ಅಂದರೆ ತಿಂಗಳಿಗೆ 30 ದಿನ ಎಂಬುದು ಅದರ ಆಧಾರ. 483 ಗುಣಿಸು 360, ಉತ್ತರ 1,73,880 ದಿನ. ಅವರ ಪ್ರಕಾರ ಕ್ರಿ.ಪೂ. 445 ಮಾರ್ಚ್ 14ರಿಂದ ಕ್ರಿ.ಶ. 32 ಏಪ್ರಿಲ್ 6ಕ್ಕೆ ಸರಿಯಾಗಿ ಅಷ್ಟು ದಿನ, ಯೇಸು ಯೆರೂಸಲೇಮನ್ನು ಪ್ರವೇಶಿಸಿದ ದಿನ. ಶಿಲುಬೆಯ ವರ್ಷವಾಗಿ ಕ್ರಿ.ಶ. 32ನ್ನು ವಿದ್ವಾಂಸರು ಹೆಚ್ಚಾಗಿ ಒಪ್ಪುವುದಿಲ್ಲ, 30 ಅಥವಾ 33 ಎನ್ನುತ್ತಾರೆ. ಹಾಗಾಗಿ ಡಲ್ಲಾಸ್ ಸೆಮಿನರಿಯ ಹೆರಾಲ್ಡ್ ಹೋನರ್ ಆರಂಭವನ್ನು ಕ್ರಿ.ಪೂ. 444 ಮಾರ್ಚ್ 5ಕ್ಕೂ ಕೊನೆಯನ್ನು ಕ್ರಿ.ಶ. 33 ಮಾರ್ಚ್ 30ಕ್ಕೂ ಸರಿಸಿದರು. ಲೆಕ್ಕದಲ್ಲಿ ಅಚ್ಚರಿ ಹುಟ್ಟಿಸುವ ನಿಖರತೆ ಇದೆ. ಮುಳ್ಳು ಇದು: ಯೆಹೂದ್ಯರ ಪಂಚಾಂಗದಲ್ಲಿ ಆಗಾಗ ಅಧಿಕಮಾಸ ಸೇರಿಸಿ ಋತುವಿಗೆ ಹೊಂದಿಸುತ್ತಿದ್ದರು, ನಮ್ಮ ಪಂಚಾಂಗದ ಅಧಿಕಮಾಸದ ಹಾಗೆಯೇ. ಸರಿಪಡಿಸದೆ 360 ದಿನದ ವರ್ಷವನ್ನೇ 483 ಬಾರಿ ಓಡಿಸಿದರೆ ಪಸ್ಕ ಹಬ್ಬ ಸುಗ್ಗಿಯ ಕಾಲ ಬಿಟ್ಟು ಎಲ್ಲ ಋತುಗಳಿಗೂ ಅಲೆಯುತ್ತದೆ.

ನಾಲ್ಕನೆಯ ಕೂಟದಲ್ಲಿ 27ನೆಯ ವಚನ. ಬಹುಜನರೊಂದಿಗೆ ಒಂದು ವಾರಕ್ಕೆ ಒಡಂಬಡಿಕೆ ಬಲಪಡಿಸಿ, ಅರ್ಧ ವಾರದಲ್ಲಿ ಯಜ್ಞ ನಿಲ್ಲಿಸುವ ಅವನು ಯಾರು? ಡಿಸ್ಪೆನ್ಸೇಷನಲಿಸ್ಟರು ಅದಕ್ಕೆ ಹತ್ತಿರದ ಹೆಸರನ್ನು, ಅಂದರೆ 26ನೆಯ ವಚನದ ಬರಲಿರುವ ಪ್ರಭುವನ್ನು ಹಿಡಿದು ಕ್ರಿಸ್ತವಿರೋಧಿ ಎನ್ನುತ್ತಾರೆ. ಅಭಿಷಿಕ್ತನ ವಧೆಯೂ ಪಟ್ಟಣದ ನಾಶವೂ 69ನೆಯ ವಾರದ ನಂತರ, 70ನೆಯದರ ಮಾತಿಗೆ ಮುಂಚೆ ಬರುವುದರಿಂದ ನಡುವೆ ಬಿಡುವು ಇದೆ, ಸಭೆಯ ಕಾಲ ಆ ಬಿಡುವಿನಲ್ಲಿದೆ ಎಂಬುದು ಅವರ ವಾದ. ಯೇಸು ನಜರೇತಿನಲ್ಲಿ ಯೆಶಾಯ 61:2ನ್ನು ಅರ್ಧಕ್ಕೆ ನಿಲ್ಲಿಸಿ ಸುರುಳಿ ಮುಚ್ಚಿದ್ದನ್ನು ಅವರು ಸಾಕ್ಷಿಯಾಗಿ ತೋರಿಸುತ್ತಾರೆ. ಕ್ಯಾಲ್ವಿನರ ಸಾಲಿನ ಸುಧಾರಿತ ಪರಂಪರೆಯ ಅನೇಕರು ಅವನು ಎಂದರೆ ಮೆಸ್ಸೀಯನೇ, ತನ್ನ ಮರಣದಿಂದ ಯಜ್ಞಗಳನ್ನು ಕೊನೆಗಾಣಿಸಿದ ಎನ್ನುತ್ತಾರೆ. ಬಿಡುವು ಇಲ್ಲಿ ಬರೆದಿಲ್ಲ, ಇದೇ ಅಧ್ಯಾಯದ ಆರಂಭದ ಯೆರೆಮೀಯನ ಎಪ್ಪತ್ತು ವರ್ಷದಲ್ಲಿ ಬಿಡುವು ಇರಲಿಲ್ಲ ಎಂಬುದು ಅವರ ಪ್ರಶ್ನೆ. ಆದರೆ ಅವರು ಕೊನೆಯ ಮೂರೂವರೆ ವರ್ಷ ಯಾವ ಘಟನೆಗೆ ಮುಗಿಯಿತು ಎಂದು ಹೇಳಲು ತಡವರಿಸುತ್ತಾರೆ.

ಮೂರನೆಯ ಓದನ್ನೂ ಬಚ್ಚಿಡಬೇಡಿ. ವಿಶ್ವವಿದ್ಯಾಲಯಗಳಲ್ಲಿ ಕಲಿಸುವ ಹೆಚ್ಚಿನವರು ಇದನ್ನು ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ಬಲಿಪೀಠವನ್ನು ಹೊಲೆಮಾಡಿದ ಸಿರಿಯದ ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕನ ಕಾಲಕ್ಕೆ ಓದುತ್ತಾರೆ. ಹೀಬ್ರೂ ಪಠ್ಯದ ಸಾಂಪ್ರದಾಯಿಕ ವಿರಾಮಚಿಹ್ನೆ 25ನೆಯ ವಚನದಲ್ಲಿ 7 ವಾರದ ನಂತರ ಬರುವುದರಿಂದ ಇಬ್ಬರು ಅಭಿಷಿಕ್ತರು ಎಂದು ಓದಲು ಅವಕಾಶವಿದೆ: ಒಬ್ಬ 49 ವರ್ಷದ ಕೊನೆಗೆ, ಇನ್ನೊಬ್ಬ ಕ್ರಿ.ಪೂ. 171ರ ಹೊತ್ತಿಗೆ ಕೊಲೆಯಾದ ಮಹಾಯಾಜಕ ಮೂರನೆಯ ಓನಿಯ. ಕ್ರಿ.ಪೂ. 587ರಿಂದ 538ಕ್ಕೆ 49 ವರ್ಷ ಸರಿಯಾಗಿ ಕೂರುತ್ತದೆ. ಆದರೆ 538ರಿಂದ 434 ವರ್ಷ ಎಣಿಸಿದರೆ ಕ್ರಿ.ಪೂ. 104 ಬರುತ್ತದೆ, 171 ಅಲ್ಲ. ಅರವತ್ತೇಳು ವರ್ಷದ ಕೊರತೆ. ಮತ್ತಾಯ 24:15ರಲ್ಲಿ ಯೇಸು ಇದನ್ನು ಮುಂದೆ ಬರಲಿರುವ ಸಂಗತಿಯಾಗಿ ಮಾತಾಡಿದ್ದನ್ನೂ ಇವರು ವಿವರಿಸಬೇಕು.

ಎರಡು ವಾರದ ಕೊನೆಗೆ ಹಾಳೆಯ ನಾಲ್ಕನೆಯ ಮನೆಯಲ್ಲಿ ಎಲ್ಲರಿಗೂ ಏನಾದರೂ ಬರೆಯಲು ಸಿಕ್ಕಿರುತ್ತದೆ.

ಐದನೆಯ ಕೂಟ: ಎದುರುಗೊಳ್ಳುವುದು ಎಂದರೆ

1 ಥೆಸಲೋನಿಕ 4:17ರಲ್ಲಿ ಒಯ್ಯಲ್ಪಡುವುದಿದೆ. ಈ ಬಗ್ಗೆ ಭೇದವಿಲ್ಲ, ಅಮಿಲೆನಿಯಲ್ ನಿಲುವಿನವರೂ ಇದನ್ನು ನಂಬುತ್ತಾರೆ. ಪ್ರಶ್ನೆ ಇರುವುದು ಆಮೇಲೆ ಎತ್ತ ಕಡೆ ಎಂಬಲ್ಲಿ. ಕರ್ತನನ್ನು ಎದುರುಗೊಳ್ಳುವುದು ಎಂಬುದಕ್ಕೆ ಗ್ರೀಕಿನಲ್ಲಿ ಇರುವ ಪದ ಅಪಾಂಟೆಸಿಸ್. ಅದೇ ಪದ ಮತ್ತಾಯ 25:6ರಲ್ಲಿ ಮದಲಿಂಗನನ್ನು ಎದುರುಗೊಳ್ಳಲು ಹೊರಟ ಕನ್ಯೆಯರಿಗೆ, ಅಪೊಸ್ತಲರ ಕೃತ್ಯಗಳು 28:15ರಲ್ಲಿ ಪೌಲನನ್ನು ಕಾಣಲು ರೋಮಿನಿಂದ ಬಂದ ಸಹೋದರರಿಗೆ ಬಳಕೆಯಾಗಿದೆ. ಎರಡು ಕಡೆಯೂ ಹೋದವರು ಬರುತ್ತಿದ್ದವನ ಜೊತೆ ವಾಪಸು ಬಂದರು. ದಿಬ್ಬಣವನ್ನು ಎದುರುಗೊಳ್ಳುವುದೆಂದರೇನು ಎಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಬಾಗಿಲಿಗೆ ಹೋಗಿ ಕರೆದುಕೊಂಡು ಬರುತ್ತೇವೆ. ಲ್ಯಾಡ್ ಮುಂತಾದವರ ಬಲ ಇದು.

ಮಹಾ ಸಂಕಟಕ್ಕೆ ಮುಂಚೆಯೇ ಎತ್ತಲ್ಪಡುವುದು ಎನ್ನುವವರ ಉತ್ತರವನ್ನು ಅರ್ಧಕ್ಕೆ ಕತ್ತರಿಸಬೇಡಿ. ಪದ ತಾನಾಗಿ ದಿಕ್ಕು ಹೇಳುವುದಿಲ್ಲ, ಯೋಹಾನ 14:3ರಲ್ಲಿ ಯೇಸು ತಾನಿರುವಲ್ಲಿಗೆ ಕರೆದುಕೊಳ್ಳುವೆನೆಂದಿದ್ದಾನೆ, ಪ್ರಕಟನೆ 3:10ರಲ್ಲಿ ಶೋಧನೆಯ ಗಳಿಗೆಯಿಂದ ಕಾಪಾಡುವೆನೆಂಬ ವಾಗ್ದಾನವಿದೆ, ಸಭೆ ದೇವರ ಕೋಪಕ್ಕೆ ನೇಮಕವಾದದ್ದಲ್ಲ ಎಂದು ಇದೇ ಪತ್ರದ 5:9 ಹೇಳುತ್ತದೆ. ಎದುರು ಕಡೆಯವರು ಯೋಹಾನ 17:15 ತೆಗೆಯುತ್ತಾರೆ: ಪ್ರಕಟನೆ 3:10ರಲ್ಲಿ 'ಇಂದ ಕಾಪಾಡು' ಎಂಬುದಕ್ಕಿರುವ ಅದೇ ಗ್ರೀಕ್ ಪದಗಳ ಜೋಡಿ, ಅಲ್ಲಿ ಲೋಕದಿಂದ ತೆಗೆದುಬಿಡುವುದಲ್ಲ ಎಂದು ಬಿಡಿಸಿಯೇ ಹೇಳಿದೆ. 2 ಥೆಸಲೋನಿಕ 2:1-3ನ್ನು ಈ ದಿನವೇ ಪಕ್ಕದಲ್ಲಿಟ್ಟು ಓದಿ.

ಥೆಸಲೋನಿಕದವರಿಗೆ ಪೌಲನು ಇದನ್ನು ಬರೆದದ್ದು ತಮ್ಮವರನ್ನು ಮಣ್ಣುಮಾಡಿ ದುಃಖದಲ್ಲಿದ್ದವರಿಗೆ. ಕೂಟದಲ್ಲಿ ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡವರಿದ್ದರೆ 4:18ನ್ನು ಮೊದಲು ಓದಿ, ವಾದ ಆಮೇಲೆ.

ಆರನೆಯ ಕೂಟ: ಪ್ರಕಟನೆ 20

ಸಾವಿರ ವರ್ಷ ಎಂಬ ಮಾತು 2ರಿಂದ 7ನೆಯ ವಚನದೊಳಗೆ ಆರು ಬಾರಿ ಬರುತ್ತದೆ. ಕೇಳಬೇಕಾದ ಪ್ರಶ್ನೆ ಎರಡೇ.

20ನೆಯ ಅಧ್ಯಾಯ 19ರ ನಂತರ ನಡೆಯುವುದೇ, ಅಥವಾ ಕಥೆಯನ್ನು ಮೊದಲಿನಿಂದ ಮತ್ತೆ ಹೇಳುವುದೇ? ಪ್ರೀಮಿಲೆನಿಯಲ್ ನಿಲುವಿನವರು ಮುಂದುವರಿಕೆ ಎನ್ನುತ್ತಾರೆ. ಅಮಿಲೆನಿಯಲ್ ನಿಲುವಿನವರು ಮತ್ತೆ ಹೇಳುವುದು ಎನ್ನುತ್ತಾರೆ, 19ರಲ್ಲಿ ಸೋತ ಜನಾಂಗಗಳನ್ನು 20ರಲ್ಲಿ ಮೋಸಗೊಳಿಸಲು ಯಾರು ಉಳಿದಿದ್ದರು ಎಂದು ಕೇಳುತ್ತಾರೆ. ಸೈತಾನನ ಬಂಧನವನ್ನು ಅವರು ಮತ್ತಾಯ 12:29ಕ್ಕೆ ಜೋಡಿಸಿದರೆ, ಪ್ರೀಮಿಲೆನಿಯಲ್ ನಿಲುವಿನವರು ಗರ್ಜಿಸುವ ಸಿಂಹದಂತೆ ತಿರುಗುತ್ತಾನೆ ಎಂಬ 1 ಪೇತ್ರ 5:8ನ್ನು ಎದುರಿಗಿಡುತ್ತಾರೆ.

ಎರಡನೆಯದು 4 ಮತ್ತು 5ನೆಯ ವಚನದ ಜೀವಿತರಾದರು ಎಂಬ ಕ್ರಿಯಾಪದ. ಎರಡು ಕಡೆಯೂ ಗ್ರೀಕಿನಲ್ಲಿ ಒಂದೇ ಪದ. ಒಂದನ್ನು ಆತ್ಮಿಕ ಎಂದೂ ಇನ್ನೊಂದನ್ನು ಶಾರೀರಿಕ ಎಂದೂ ಓದಿದರೆ ಭಾಷೆಗೇ ಅರ್ಥ ಉಳಿಯುವುದಿಲ್ಲ ಎಂದು ಹತ್ತೊಂಬತ್ತನೆಯ ಶತಮಾನದ ಹೆನ್ರಿ ಆಲ್ಫರ್ಡ್ ವಾದಿಸಿದರು. ಅದು ಬಲವಾದ ಏಟು. ಯೋಹಾನ 5:24-29ರಲ್ಲಿ ಯೇಸು ಒಂದೇ ಉಸಿರಿನಲ್ಲಿ ಎರಡು ಬಗೆಯ ಬದುಕುವಿಕೆ ಹೇಳಿದ್ದಾನೆ ಎಂಬುದು ಅಮಿಲೆನಿಯಲ್ ಉತ್ತರ.

ಏಳನೆಯ ಕೂಟದ ರೋಮಾಪುರ 11ಕ್ಕೆ ಹೆಚ್ಚು ಸಿದ್ಧತೆ ಬೇಡ. ಇಸ್ರಾಯೇಲ್ ಜನರೆಲ್ಲರೂ ರಕ್ಷಣೆ ಹೊಂದುವರು ಎಂಬ 26ನೆಯ ವಚನದಲ್ಲಿ ಯೆಹೂದ್ಯ ಜನಾಂಗದ ದೊಡ್ಡ ತಿರುಗುವಿಕೆಯನ್ನು ಕಾಣುವವರು ಡಿಸ್ಪೆನ್ಸೇಷನಲಿಸ್ಟರು ಮಾತ್ರವಲ್ಲ, ಪೋಸ್ಟ್‌ಮಿಲೆನಿಯಲ್, ಅಮಿಲೆನಿಯಲ್ ನಿಲುವಿನ ಹಲವರೂ ಕಾಣುತ್ತಾರೆ. ಇದು ತಿಳಿದಾಗ ಕೋಣೆಯಲ್ಲಿ ಉಸಿರು ಸಡಿಲವಾಗುತ್ತದೆ.

ಎಲ್ಲಿ ಕೆಡುತ್ತದೆ, ಯಾಕೆ

ಅಕ್ಷರಾರ್ಥ ಎಂಬ ಪದದಿಂದ ಹೆಚ್ಚು ಕೆಡುತ್ತದೆ. ಯಾರೂ ಎಲ್ಲವನ್ನೂ ಅಕ್ಷರಾರ್ಥವಾಗಿ ಓದುವುದಿಲ್ಲ, ಯಾರೂ ಎಲ್ಲವನ್ನೂ ಸಂಕೇತವಾಗಿ ಓದುವುದಿಲ್ಲ. ಯೆಹೆಜ್ಕೇಲ 40-48ರ ದೇವಾಲಯವನ್ನು ಮುಂದೆ ಕಟ್ಟಲಾಗುತ್ತದೆ ಎನ್ನುವವರಲ್ಲಿ ಅನೇಕರು ಅಲ್ಲಿನ ಯಜ್ಞಗಳನ್ನು ಸ್ಮಾರಕ ಮಾತ್ರ ಎನ್ನುತ್ತಾರೆ, ಇಬ್ರಿಯ 10ರ ಕಾರಣದಿಂದ. ಆದರೆ ಯೆಹೆಜ್ಕೇಲ 45:15ರಲ್ಲಿರುವುದು ದೋಷಪರಿಹಾರದ ಮಾತು. ಅಕ್ಷರಾರ್ಥವೇ ಎಂದು ಕೇಳುವ ಬದಲು ಈ ಬಗೆಯ ಬರಹವನ್ನು ಬರೆದವನು ಹೇಗೆ ಓದಬೇಕೆಂದು ಬಯಸಿದ್ದನು ಎಂದು ಕೇಳಿ.

ಪತ್ರಿಕೆಯ ಸುದ್ದಿಯಿಂದ ವಚನಕ್ಕೆ ಹೋಗುವುದು ಇನ್ನೊಂದು ಕೇಡು. ಯೆಹೆಜ್ಕೇಲ 38ರ ರೋಷ್ ಎಂದರೆ ರಷ್ಯಾ, ಮೆಷೆಕ್ ಎಂದರೆ ಮಾಸ್ಕೊ ಎಂಬುದು ಬರೀ ಉಚ್ಚಾರಣೆಯ ಹೋಲಿಕೆ. ಹೀಬ್ರೂವಿನಲ್ಲಿ ರೋಷ್ ಎಂದರೆ ತಲೆ, ಮುಖ್ಯ. ಮೆಷೆಕ್, ತೂಬಲ್ ಇಂದಿನ ಟರ್ಕಿಯ ಭಾಗದ ಪ್ರಾಚೀನ ಜನಾಂಗಗಳೆಂದು ಅಶ್ಶೂರದ ಶಾಸನಗಳಿಂದ ತಿಳಿಯುತ್ತದೆ.

ಕರ್ತನ ಬರೋಣಕ್ಕೆ ದಿನಾಂಕ ಹಿಡಿದು ಬರುವವರಿಗೆ ಇತಿಹಾಸ ತೋರಿಸಿ. ಬಾಸೆಲ್ ಮಿಷನ್ನಿಗೆ ಬೆನ್ನೆಲುಬಾಗಿದ್ದ ಜರ್ಮನಿಯ ವ್ಯೂರ್ಟೆಂಬೆರ್ಗಿನ ಭಕ್ತ ಪಂಗಡದಲ್ಲಿ ಬಹು ಗೌರವದ ವಿದ್ವಾಂಸ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ಅವರ ಲೆಕ್ಕ ಹೇಳಿದ ಇಸವಿ 1836. ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1836 ಬಂದು ಹೋಯಿತು, 1841ರಲ್ಲಿ ಅದೇ ಮಂಗಳೂರಿನಲ್ಲಿ ಅವರ ಮುದ್ರಣಾಲಯ ಶುರುವಾಯಿತು. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಹಿಂಬಾಲಕರು 1844 ಅಕ್ಟೋಬರ್ 22ರಂದು ಕಾದರು. ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011 ಮೇ 21 ಎಂದರು. ಇವರಲ್ಲಿ ಯಾರೂ ಡಾರ್ಬಿಯ ಸಾಲಿನವರಲ್ಲ ಎಂಬುದನ್ನೂ ಸೇರಿಸಿ ಹೇಳಿ. ದಿನ ಗೊತ್ತಿಲ್ಲ, ಯಾವ ಗಳಿಗೆಯಲ್ಲಾದರೂ ಬರಬಹುದು ಎಂಬುದೇ ಆ ಸಾಲಿನ ಅಧಿಕೃತ ಪಾಠ.

ಹಳೆಯದ್ದೇ ಸರಿ ಎಂಬ ವಾದಕ್ಕೂ ಮಿತಿಯಿದೆ. ಎರಡನೆಯ ಶತಮಾನದ ಜಸ್ಟಿನ್ ಮಾರ್ಟರ್ ಸಾವಿರ ವರ್ಷವನ್ನು ನಂಬಿದವರು. ಟ್ರೈಫೋನೊಂದಿಗಿನ ಸಂವಾದದ 80ನೆಯ ಅಧ್ಯಾಯದಲ್ಲಿ, ಶುದ್ಧ ವಿಶ್ವಾಸವುಳ್ಳ ಅನೇಕ ಕ್ರೈಸ್ತರು ಹಾಗೆ ನಂಬುವುದಿಲ್ಲ ಎಂದೂ ಅವರೇ ಬರೆದಿದ್ದಾರೆ. ಭಾರತದಲ್ಲಿ ದುಡಿದ ಬ್ರದರನ್ ಮಿಷನರಿ ಆಂಟನಿ ನಾರಿಸ್ ಗ್ರೋವ್ಸ್ 1836ರಲ್ಲಿ ಡಾರ್ಬಿಗೆ ಪತ್ರ ಬರೆದು, ಕ್ರಿಸ್ತನಲ್ಲಿ ಒಂದೇ ಜೀವ ಹೊಂದಿದ್ದೇವೆ ಎಂಬ ಐಕ್ಯದಿಂದ ಒಂದೇ ಅಭಿಪ್ರಾಯ ಹೊಂದಿದ್ದೇವೆ ಎಂಬ ಐಕ್ಯಕ್ಕೆ ಜಾರುತ್ತಿದ್ದೀರಿ ಎಂದು ಎಚ್ಚರಿಸಿದ್ದರು. ಕೂಟ ನಡೆಸುವವರು ಈ ಎರಡು ಸಂಗತಿಗಳನ್ನು ಕಿಸೆಯಲ್ಲಿಟ್ಟುಕೊಂಡಿರಬೇಕು.

ಎಂಟನೆಯ ಕೂಟ

ಚೀಟಿ ಎತ್ತಿಸಿ, ಪ್ರತಿಯೊಬ್ಬರೂ ತಮ್ಮದಲ್ಲದ ನಿಲುವನ್ನು ಐದು ನಿಮಿಷ ಮಂಡಿಸಲಿ. ಆ ನಿಲುವಿನವರು ಕೇಳಿ, ಹೌದು, ನಾವು ಹೇಳುವುದು ಇದೇ ಎಂದರೆ ಮುಗಿಯಿತು. ಅಲ್ಲ ಎಂದರೆ ಎರಡು ನಿಮಿಷದಲ್ಲಿ ತಿದ್ದಲಿ, ಮಂಡಿಸಿದವರು ಇನ್ನೊಮ್ಮೆ ಹೇಳಲಿ.

ಆಮೇಲೆ ಹಾಳೆಗಳನ್ನು ತಿರುಗಿಸಿ ನೋಡಿ. ನಾಲ್ಕನೆಯ ಮನೆ ಇನ್ನೂ ಖಾಲಿ ಇರುವವರಿಗೆ ಮನೆಪಾಠ ಕೊಡಿ: ಸಂಕಟಕ್ಕೆ ಮುಂಚೆ ಎತ್ತಲ್ಪಡುವುದು ಎನ್ನುವವರಿಗೆ 2 ಥೆಸಲೋನಿಕ 2:1-3, ಐತಿಹಾಸಿಕ ಪ್ರೀಮಿಲೆನಿಯಲ್ ನಿಲುವಿನವರಿಗೆ 2 ಪೇತ್ರ 3:10, ಪೋಸ್ಟ್‌ಮಿಲೆನಿಯಲ್ ನಿಲುವಿನವರಿಗೆ 2 ತಿಮೊಥೆ 3:1-13, ಅಮಿಲೆನಿಯಲ್ ನಿಲುವಿನವರಿಗೆ ಪ್ರಕಟನೆ 20:4-5ರ ಜೊತೆ ಜೆಕರ್ಯ 14:16-19. ಓದಿ ಬರೆಯಲು ಒಂದು ವಾರ ಸಾಕು. ಬರೆದದ್ದನ್ನು ಭಾನುವಾರ ಆರಾಧನೆ ಮುಗಿದ ಮೇಲೆ ಎದುರು ನಿಲುವಿನ ಒಬ್ಬರ ಕೈಗೆ ಕೊಟ್ಟು ಓದಲು ಹೇಳಿ.